ಭಾನುವಾರ ತಂದು ತೋರಿಸಿ

ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಅನ್ನುತ್ತಾರೆ ಹಿರಿಯರು. ಹಾಗಾದರೆ ನಮ್ಮ ಎದುರುಮನೆಯವರು ಮಾಡುತ್ತಿದ್ದ ಕಾಫಿಯ ವಿಷಯವನ್ನು ನಾನು ಎತ್ತಲೇಬಾರದು. ಒಲೆಯ ಮೇಲೆ ಹಾಲಿಟ್ಟು ಮಾತಿಗೆ ಕೂತರೆಂದರೆ ಹಾಲು ಉಕ್ಕಿ, ಸೀದು, ಮನೆಯೆಲ್ಲ ವಾಸನೆ ತುಂಬಿದ ಮೇಲೆ "ಅಯ್ಯಯ್ಯೋ" ಎಂದು ಏಳುತ್ತಿದ್ದರು. ಅದೇ ಹಾಲಿಗೆ ಡಿಕಾಕ್ಷನ್ ಬೆರೆಸಿ ತಂದುಕೊಟ್ಟು, ನಾವು ಮೊದಲ ಗುಟುಕು ನುಂಗುವವರೆಗೂ ನಮ್ಮ ಮುಖವನ್ನೇ ನೋಡುತ್ತಾ ನಿಲ್ಲುತ್ತಿದ್ದರು. "ಚೆನ್ನಾಗಿದೆ, ಅಲ್ವಾ?" ಎಂದು ಕೇಳುತ್ತಿದ್ದರು. ಚೆನ್ನಾಗಿದೆ ಎನ್ನದೆ ನಮಗೆ ಬೇರೆ ದಾರಿ ಇರುತ್ತಿರಲಿಲ್ಲ.

ಅವರು ಹೋದ ಸುದ್ದಿ ನನಗೆ ತಲುಪುವ ಹೊತ್ತಿಗೆ ವೈಕುಂಠ ಸಮಾರಾಧನೆಯೂ ಮುಗಿದಿತ್ತು. ನಾವು ರಾಜಾಜಿನಗರದ ಬಾಡಿಗೆ ಮನೆ ಬಿಟ್ಟು ರಾಜರಾಜೇಶ್ವರಿನಗರಕ್ಕೆ ಬಂದು ಬಹಳ ವರ್ಷಗಳಾದವು. ಹಳೆಯ ಬೀದಿಯ ಸುದ್ದಿ ಈಗ ಸಿಗುವುದು ಯಾರದಾದರೂ ಮದುವೆಯ ಊಟದ ಪಂಕ್ತಿಯಲ್ಲಿ, ಪಕ್ಕದ ಎಲೆಯವರಿಂದ. "ನಿಮ್ಮ ಎದುರುಮನೆ ಸಾರ್ ಹೋಗ್ಬಿಟ್ರಂತೆ, ಗೊತ್ತಾಯ್ತಾ?" ಎಂದರು ಆಕೆ, ಅನ್ನಕ್ಕೆ ಸಾರು ಕಲಸಿಕೊಳ್ಳುತ್ತಾ. "ಪಾಪ, ಒಬ್ಬರೇ ಇದ್ರಲ್ಲ. ಅದೇನ್ ಕೆಲಸ ಮಾಡ್ತಿದ್ರು ಅವರು?" ಕಾರ್ಖಾನೆಯಲ್ಲಿದ್ದರು ಎಂದೆ. ಹಾಗೆ ಹೇಳಿದ್ದು ಸುಳ್ಳಲ್ಲ. ಆದರೂ ಊಟ ಮುಗಿಸಿ ಕೈ ತೊಳೆಯುವಾಗ, ಇಷ್ಟೇನಾ ನಾನು ಹೇಳಬೇಕಾಗಿದ್ದದ್ದು ಎಂದು ಮನಸ್ಸು ಮುದುಡಿತು. ಸರಿಯಾದ ಉತ್ತರ ಕೊಡಲು ಪಂಕ್ತಿಯಲ್ಲಿ ಪುರುಸೊತ್ತಿರಲಿಲ್ಲ, ಈಗ ಇದೆ.

ಎಂಬತ್ತರ ದಶಕದ ಮೊದಮೊದಲಲ್ಲಿ ಅವರು ನಮ್ಮ ಎದುರುಮನೆಗೆ ಬಂದರು. ಮದುವೆ ಆಗಿರಲಿಲ್ಲ. ಕಾಯಿಲೆಯ ತಾಯಿಯನ್ನು ನೋಡಿಕೊಳ್ಳುತ್ತಲೇ ವಯಸ್ಸು ನಲವತ್ತು ದಾಟಿತ್ತು, ಆಮೇಲೆ ತಾಯಿಯೂ ಹೋದರು. ಮೈಸೂರು ರಸ್ತೆಯ ಒಂದು ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿ ಅವರ ಕೆಲಸ. ಆಗ ಕಂಪ್ಯೂಟರ್ ಎಂದರೆ ನಮ್ಮ ಬೀದಿಯವರಿಗೆ ಭವಿಷ್ಯ ಹೇಳುವ ಯಂತ್ರ. ಮಗಳ ಜಾತಕ ಹಿಡಿದುಕೊಂಡು ಅವರ ಬಾಗಿಲು ತಟ್ಟಿದವರೂ ಇದ್ದರು. ಅವರು ಯಾರನ್ನೂ ಬೇಡವೆಂದು ಕಳಿಸುತ್ತಿರಲಿಲ್ಲ. ಕೂರಿಸಿ, ಕಾಫಿ ಕೊಟ್ಟು, ಕಂಪ್ಯೂಟರಿಗೆ ಶನಿ ಕುಜ ಯಾರೂ ಗೊತ್ತಿಲ್ಲ ಎಂದು ಉದ್ದಕ್ಕೆ ವಿವರಿಸುತ್ತಿದ್ದರು. ಜನ ಎರಡನೆಯ ಸಲ ಬರುತ್ತಿರಲಿಲ್ಲ, ಕಾಫಿಯ ಕಾರಣಕ್ಕೋ ಉತ್ತರದ ಕಾರಣಕ್ಕೋ ಗೊತ್ತಿಲ್ಲ.

ಸಂಜೆ ಕೆಲಸದಿಂದ ಬಂದವರು ಒಂದು ಪುಟ್ಟ ಸ್ಟೀಲ್ ಬಟ್ಟಲು ಹಿಡಿದು ನಮ್ಮ ಬಾಗಿಲಿಗೆ ಬರುತ್ತಿದ್ದರು. "ಅಮ್ಮಾ, ಸ್ವಲ್ಪ ಹೆಪ್ಪು." ದೀಪ ಹಚ್ಚಿದ ಮೇಲೆ ನಮ್ಮಮ್ಮ ಯಾರಿಗೂ ಹೆಪ್ಪು ಕೊಡುವವರಲ್ಲ. ಅದು ತಿಳಿದ ಮೇಲೆ, ಬಸ್ಸು ತಡವಾದ ದಿನ ಬ್ಯಾಗನ್ನೂ ಮನೆಯಲ್ಲಿಡದೆ ನೇರ ಬಂದು, ಬಟ್ಟಲನ್ನೂ ನಮ್ಮಲ್ಲೇ ಕೇಳುತ್ತಿದ್ದರು. ಬಾಗಿಲಲ್ಲೇ ನಿಂತು ಕಾರ್ಖಾನೆಯ ಸುದ್ದಿ, ಬಸ್ಸಿನ ಸುದ್ದಿ, ನಲ್ಲಿಯ ನೀರಿನ ಸುದ್ದಿ. ಒಂದು ದಿನ ನಾನು ಅಮ್ಮನನ್ನು ಕೇಳಿದೆ, "ದಿನಾ ಯಾಕಮ್ಮ ಇವರಿಗೆ ಹೆಪ್ಪು? ನಿನ್ನೆ ಮೊಸರಲ್ಲೇ ಒಂದು ಚಮಚ ಉಳಿಸ್ಕೊಂಡ್ರೆ ಆಗಲ್ವಾ?"

"ಉಳಿಸ್ಕೊಂಡೇ ಇರ್ತಾರೆ ಕಣೇ. ಹೆಪ್ಪು ಒಂದು ನೆವ, ಅಷ್ಟೇ. ನಾಕು ಮಾತಾಡೋಕೆ ಬರ್ತಾರೆ. ನೀನು ಅದನ್ನೆಲ್ಲ ಕೇಳೋಕೆ ಹೋಗ್ಬೇಡ" ಎಂದರು ಅಮ್ಮ. ನಾನು ಕೇಳಲಿಲ್ಲ. ಆದರೆ ಆಮೇಲೆ ಆ ಬಟ್ಟಲು ಕಂಡಾಗಲೆಲ್ಲ ನಾನೂ ಬಾಗಿಲಿಗೆ ಬಂದು ಮಾತಿಗೆ ನಿಲ್ಲುತ್ತಿದ್ದೆ.

ಅವರಿಗೆ ಇನ್ನೊಂದು ಅಭ್ಯಾಸವಿತ್ತು. ಯಾವ ಮಾತನ್ನೇ ಆಡಲಿ, ಕೊನೆಗೆ "ಅಲ್ವಾ?" ಎನ್ನುವರು. ಎಲ್ಲರೂ ಹಾಗೆ ಅನ್ನುತ್ತೇವೆ, ಅಂದು ಮುಂದಕ್ಕೆ ಹೋಗುತ್ತೇವೆ. ಅವರು ಹಾಗಲ್ಲ, ಅಂದ ಮೇಲೆ ನಿಲ್ಲುವರು. ನೀವು ಹೌದು ಅನ್ನಬೇಕು, ಇಲ್ಲ ಅನ್ನಬೇಕು. ಅಲ್ಲಿಯವರೆಗೆ ಕನ್ನಡಕದ ಹಿಂದೆ ಆ ಕಣ್ಣುಗಳು ನಿಮ್ಮ ಮೇಲೇ ಇರುತ್ತಿದ್ದವು. ಮನೆಗೆ ಬಂದವರನ್ನು ಬಸ್ ಸ್ಟಾಪಿನವರೆಗೆ ಕಳಿಸಲು ಹೋಗುತ್ತಿದ್ದರು. ಬಸ್ಸು ಬಂದರೆ "ಒಂದು ಸ್ಟಾಪು ಬರ್ತೀನಿ, ಮಾತು ಅರ್ಧಕ್ಕೇ ನಿಂತಿದೆ" ಎಂದು ತಾವೂ ಹತ್ತುತ್ತಿದ್ದರು. ಮುಂದಿನ ಸ್ಟಾಪಿನಲ್ಲಿ ಇಳಿದು, ಚಪ್ಪಲಿ ಎಳೆದುಕೊಂಡು ಒಬ್ಬರೇ ನಡೆದು ಬರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ನಾನು ಆಗ ರಾಮಮಂದಿರದ ಹತ್ತಿರ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಪಾಠ ಹೇಳುತ್ತಿದ್ದೆ. ಕೀಲಿ ನೋಡದೆ ಹೊಡಿ, ಬೆರಳು ಎತ್ತಬೇಡ, ಬೆನ್ನು ನೆಟ್ಟಗಿಡು ಎಂದು ಬೆಳಗಿಂದ ಸಂಜೆಯವರೆಗೆ ಗದರುವುದೇ ನನ್ನ ಉದ್ಯೋಗ. ಅಲ್ಲಿಯ ಮಾಲೀಕರಿಗೆ ಇದ್ದಕ್ಕಿದ್ದಂತೆ ಕಾಲ ಬದಲಾಗುತ್ತಿದೆ ಅನ್ನಿಸಿ, ಒಂದು ಕಂಪ್ಯೂಟರನ್ನೂ ಪ್ರಿಂಟರನ್ನೂ ತಂದು ಗಾಜಿನ ಬಾಗಿಲಿನ ಕೋಣೆಯಲ್ಲಿ ಕೂರಿಸಿದರು. ಒಳಗೆ ಹೋಗುವವರು ಚಪ್ಪಲಿ ಹೊರಗೇ ಬಿಡಬೇಕು. ತಂದರೇನೋ ತಂದರು, ಅದನ್ನು ಏನು ಮಾಡಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ನಾನು ಎದುರುಮನೆಯವರನ್ನು ಕರೆದುಕೊಂಡು ಹೋದೆ. ಇನ್‌ಸ್ಟಿಟ್ಯೂಟಿಗೆ ರಜೆ ಇರುವ ಭಾನುವಾರ ಅವರು ಯಂತ್ರವನ್ನು ಬೇಕಾದಷ್ಟು ಬಳಸಬಹುದು, ಬದಲಿಗೆ ನಮಗೆ ಅದನ್ನು ನಡೆಸಲು ಕಲಿಸಬೇಕು ಎಂದು ಮಾತಾಯಿತು. ಬೀಗದ ಕೈ ನನ್ನ ಹತ್ತಿರ ಇರುತ್ತಿದ್ದುದರಿಂದ ಅವರ ಜೊತೆಗೆ ನನ್ನ ಭಾನುವಾರಗಳೂ ಹೋದವು.

ಆ ಯಂತ್ರಕ್ಕೆ ಕನ್ನಡ ಬರುತ್ತಿರಲಿಲ್ಲ. ಅದಕ್ಕೆ ಕನ್ನಡ ಕಲಿಸುತ್ತೇನೆ ಎಂದು ಅವರು ಕೂತರು. ನಮ್ಮ ಕನ್ನಡ ಟೈಪ್‌ರೈಟರಿನಲ್ಲಿ ಯಾವ ಅಕ್ಷರ ಯಾವ ಬೆರಳಿಗೋ, ಇದರಲ್ಲೂ ಹಾಗೆಯೇ ಇರಬೇಕು, ನನ್ನ ವಿದ್ಯಾರ್ಥಿಗಳು ಮತ್ತೆ ಕಲಿಯುವಂತಾಗಬಾರದು ಎನ್ನುವುದು ಅವರ ಹಟ. ಎಷ್ಟೋ ಭಾನುವಾರಗಳಾದ ಮೇಲೆ ಒಂದು ದಿನ ನನ್ನನ್ನು ಕೂರಿಸಿ "ಹೊಡಿಯಮ್ಮಾ" ಎಂದರು. ನಾನು ಜೂನಿಯರ್ ತರಗತಿಗೆ ಕೊಡುವ ಅಭ್ಯಾಸದ ಸಾಲನ್ನು ಹೊಡೆದೆ. ಪ್ರಿಂಟರು ಕಿರ್ರೆಂದು ಅತ್ತಿಂದಿತ್ತ ಓಡಾಡಿ, ಸಣ್ಣ ಕಪ್ಪು ಚುಕ್ಕೆಗಳಲ್ಲಿ ಆ ಸಾಲನ್ನೇ ಕನ್ನಡದಲ್ಲಿ ಬರೆದು ಹೊರಗೆ ತಳ್ಳಿತು. ಮಾಲೀಕರು ಓಡಿಹೋಗಿ ತೆಂಗಿನಕಾಯಿ ತಂದು ಒಡೆದರು. ಇವರು ಆ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು, "ಸ್ವಲ್ಪ ಸೊಟ್ಟ ಇದೆ, ಅಲ್ವಾ?" ಎಂದರು.

ಇಲ್ಲಿ ಒಂದು ವಿಷಯ ಹೇಳಿಬಿಡುತ್ತೇನೆ, ಮುಂದಿನದಕ್ಕೆಲ್ಲ ಅದೇ ಆಧಾರ. ಪ್ರೋಗ್ರಾಮಿಗೆ ಎರಡು ರೂಪ. ಒಂದು ಮನುಷ್ಯರು ಬರೆದ ಮೂಲ, ಅದನ್ನು ಓದಬಹುದು, ತಿದ್ದಬಹುದು. ಇನ್ನೊಂದು ಅದರಿಂದ ತಯಾರಾಗುವ, ಯಂತ್ರಕ್ಕೆ ಮಾತ್ರ ಅರ್ಥವಾಗುವ ರೂಪ. ಎರಡನೆಯದನ್ನು ಮಾತ್ರ ಕೊಟ್ಟರೆ ಕೆಲಸವೇನೋ ನಡೆಯುತ್ತದೆ, ಒಳಗೆ ಏನಿದೆ ಎಂದು ಕಾಣುವುದಿಲ್ಲ. ಅವರು ಕೇಳಿದವರಿಗೆಲ್ಲ ಮೊದಲನೆಯದನ್ನೇ ಫ್ಲಾಪಿಗೆ ಹಾಕಿ ಕೊಡುತ್ತಿದ್ದರು. ಅವರ ಕಾರ್ಖಾನೆಯವರು ಬಂದರು, ಬ್ಯಾಂಕಿನವರು ಬಂದರು, ಪಾಲಿಟೆಕ್ನಿಕ್ಕಿನ ಮೇಷ್ಟ್ರುಗಳು ಬಂದರು. ಗಾಜಿನ ಬಾಗಿಲ ಹೊರಗೆ ಚಪ್ಪಲಿಗಳು ಹೆಚ್ಚುತ್ತಾ ಹೋದವು. ಅವುಗಳನ್ನು ದಾಟಿಕೊಂಡು ಒಳಗೆ ಬರುವಾಗ ಇವರ ಮುಖ ಅರಳುತ್ತಿತ್ತು.

ಆ ವರ್ಷದ ಆಯುಧಪೂಜೆಯ ದಿನ ಮಾಲೀಕರ ಹೆಂಡತಿ ಟೈಪ್‌ರೈಟರುಗಳಿಗೆಲ್ಲ ಅರಿಶಿನ ಕುಂಕುಮ ಇಟ್ಟರು. ಆಮೇಲೆ, ಪಾಪ, ಭೇದ ಮಾಡಬಾರದೆಂದು ಫ್ಲಾಪಿಗಳನ್ನೂ ಒಂದೊಂದಾಗಿ ಸಾಲಾಗಿ ಜೋಡಿಸಿ, ನೀರಲ್ಲಿ ಕಲಸಿದ ಅರಿಶಿನವನ್ನು ನಡುವಿನ ತೂತಿನ ಸುತ್ತ ಅಚ್ಚುಕಟ್ಟಾಗಿ ಹಚ್ಚಿ, ಮೇಲೆ ಕುಂಕುಮವಿಟ್ಟು, ಅಕ್ಷತೆ ಹಾಕಿ ನಮಸ್ಕಾರ ಮಾಡಿದರು. ಅವುಗಳಲ್ಲಿ ಇವರ ಪ್ರೋಗ್ರಾಮಿನ ಮೂಲವೂ ಇತ್ತು, ಅದರ ನಕಲೂ ಇತ್ತು. ಮುಂದಿನ ಭಾನುವಾರ ಒಂದೂ ತೆರೆಯಲಿಲ್ಲ. ಮಾಲೀಕರು ತಲೆ ತಗ್ಗಿಸಿ ನಿಂತರು. ಇವರು ಬಿಳಿಚಿದ ಮುಖದಲ್ಲಿ, "ಹೋಗ್ಲಿ ಬಿಡಿ, ದೇವರಿಗೆ ಸೇರಿತು" ಎಂದರು.

ಆಗ ಹಿಂದಿನಿಂದ ಪ್ರಭಾಕರ, "ಸಾರ್, ನೀವು ಕೊಟ್ಟ ನಕಲು ನನ್ನ ಹತ್ರ ಇದೆಯಲ್ಲ" ಎಂದ. ಪ್ರಭಾಕರ ಅವರ ಕಾರ್ಖಾನೆಯಲ್ಲೇ ಹೊಸದಾಗಿ ಸೇರಿದ್ದ ಹುಡುಗ ಇಂಜಿನಿಯರ್, ನಗುಮುಖದವನು, ಚುರುಕು. ಅವನ ಫ್ಲಾಪಿ ಹಾಕಿ ನೋಡಿದರೆ ಪ್ರೋಗ್ರಾಮು ಇದ್ದದ್ದು ಮಾತ್ರವಲ್ಲ, ಸೊಟ್ಟಗೆ ಬೀಳುತ್ತಿದ್ದ ಅಕ್ಷರಗಳೂ ನೆಟ್ಟಗಾಗಿದ್ದವು. "ಸುಮ್ನೆ ಒಂದ್ ಕೈ ನೋಡಿದೆ ಸಾರ್" ಎಂದ ಅವನು. ಅವರನ್ನು ನಾನು ಅಷ್ಟು ಸಂತೋಷವಾಗಿ ಮತ್ತೆಂದೂ ನೋಡಲಿಲ್ಲ. ಅವನು ತಿದ್ದಿದ ಭಾಗವನ್ನು ಸಾಲು ಸಾಲಾಗಿ, ಶ್ಲೋಕ ಓದುವಂತೆ ಗಟ್ಟಿಯಾಗಿ ಓದಿದರು. ನಡುನಡುವೆ ನಮ್ಮ ಕಡೆ ತಿರುಗಿ, "ನನ್ನ ಹತ್ರಾನೇ ಇದ್ದಿದ್ರೆ ಸೊಟ್ಟಾನೇ ಇರ್ತಿತ್ತು, ಅಲ್ವಾ?" ಎಂದರು. ಅವತ್ತು ಪ್ರಭಾಕರನ ಜೊತೆ ಬಸ್ಸು ಹತ್ತಿದವರು ಬಿನ್ನಿಪೇಟೆಯವರೆಗೂ ಹೋಗಿಬಂದರಂತೆ.

ಆ ವಾರವೇ ಪ್ರೋಗ್ರಾಮಿನ ತಲೆಯ ಮೇಲೆ ಎರಡು ಸಾಲು ಬರೆದರು. ಭಾಷೆ ಕನ್ನಡ, ಅಕ್ಷರ ಇಂಗ್ಲಿಷಿನದು. ಮೊದಲನೆಯ ಸಾಲು: ತೆಗೆದುಕೊಳ್ಳಿ, ತಿದ್ದಿ, ಯಾರಿಗೆ ಬೇಕಾದರೂ ಕೊಡಿ, ಕೊಡುವಾಗ ತೆರೆದೇ ಕೊಡಿ. ಎರಡನೆಯದು: ತಿದ್ದಿದ್ದನ್ನು ಭಾನುವಾರ ತಂದು ತೋರಿಸಿ. ಅದರ ಕೆಳಗೆ ನಮ್ಮ ಇನ್‌ಸ್ಟಿಟ್ಯೂಟಿನ ವಿಳಾಸ. ತಮ್ಮ ಹೆಸರನ್ನು ಹಾಕಿರಲಿಲ್ಲ.

ಅವರು ದೇವರಂಥ ಮನುಷ್ಯ ಎಂದೇನೂ ನಾನು ಹೇಳುತ್ತಿಲ್ಲ. ಎರಡನೆಯ ಸಾಲಿನ ವಿಷಯದಲ್ಲಿ ಅವರು ಕಾಟವನ್ನೇ ಕೊಡುತ್ತಿದ್ದರು. ಒಂದು ಭಾನುವಾರ ತಪ್ಪಿಸಿಕೊಂಡರೆ ಮುಂದಿನ ಭಾನುವಾರ ಶಾಲೆಯ ಹಾಜರಿ. "ಹೋದ್ ವಾರ ಯಾಕೆ ಬರ್ಲಿಲ್ಲ?" ಬ್ಯಾಂಕಿನ ಒಬ್ಬರು ಏನೋ ಚೂರು ತಿದ್ದಿ, ಇಲ್ಲಿಗೆ ತರದೆ ತಮ್ಮ ಗೆಳೆಯರಿಗೆ ಕೊಟ್ಟರು ಎಂದು ಗೊತ್ತಾದಾಗ, ಇಡೀ ಮಧ್ಯಾಹ್ನ ಅವರ ಕಡೆ ತಿರುಗಿಯೂ ನೋಡದೆ ಮುಖ ಊದಿಸಿಕೊಂಡು ಕೂತಿದ್ದರು. ನಮಗೆಲ್ಲ ನಗು. ಅವರಿಗೆ ಅದು ನಗುವ ವಿಷಯವಾಗಿರಲಿಲ್ಲ.

ವರ್ಷವಾಗುತ್ತಿದ್ದಂತೆ ಪ್ರಭಾಕರ ಒಂದು ದೊಡ್ಡ ಕೆಲಸ ಮಾಡಿಕೊಂಡು ಬಂದ. ಅಕ್ಷರಗಳು ಈಗ ಬೇಕಾದ ಗಾತ್ರಕ್ಕೆ ಬರುತ್ತಿದ್ದವು, ದಪ್ಪ, ತೆಳು, ಹೇಗೆ ಬೇಕಾದರೂ. ಎಲ್ಲರೂ ಬೆರಗಾಗಿ ನೋಡಿದೆವು. ಆದರೆ ಅವನು ತಂದದ್ದು ಯಂತ್ರದ ರೂಪ ಮಾತ್ರ. ಇವರು "ಮೂಲ ಎಲ್ಲಿ?" ಎಂದು ಕೇಳಿದರು.

"ಮೂಲ ಕೊಡಲ್ಲ ಸಾರ್. ಪ್ರೆಸ್ಸಿನೋರು ಕೇಳ್ತಿದಾರೆ, ಆಫೀಸುಗಳೋರು ಕೇಳ್ತಿದಾರೆ. ಕೆಲಸ ಬಿಟ್ಟು ಇದನ್ನೇ ಮಾಡೋಣ ಅಂತಿದೀನಿ. ಮೂಲ ಕೊಟ್ರೆ ನಾಳೆ ಯಾರು ಬೇಕಾದ್ರೂ ಮಾಡ್ಕೊಂಡ್ಬಿಡ್ತಾರೆ."

ಇವರು ಮೆಲ್ಲಗೆ ಹೇಳಿದರು, "ಮೊದಲನೇ ಸಾಲು ಓದಿದೀಯಲ್ಲಪ್ಪ. ತೆರೆದೇ ಕೊಡಿ ಅಂತ ಇದೆ."

"ಓದಿದೀನಿ ಸಾರ್. ಏನ್ ಬೇಕಾದ್ರೂ ಮಾಡ್ಕೊಳ್ಳಿ ಅಂತ ಸ್ವತಂತ್ರ ಕೊಟ್ರಿ. ಸ್ವತಂತ್ರ ಅಂದ್ಮೇಲೆ ಮುಚ್ಚಿಡೋ ಸ್ವತಂತ್ರಾನೂ ಸೇರ್ಕೊಳತ್ತೆ. ಒಂದ್ ಕೈಯಲ್ಲಿ ಕೊಟ್ಟು ಇನ್ನೊಂದ್ ಕೈಯಲ್ಲಿ ಹಗ್ಗ ಹಿಡ್ಕೊಂಡಿದ್ರೆ ಅದು ಕೊಟ್ಟಂಗಾಗತ್ತಾ?"

"ನಿನಗೆ ತೆರೆದು ಸಿಕ್ಕಿದ್ದಕ್ಕೆ ತಾನೇ ನೀನು ತಿದ್ದೋಕಾಗಿದ್ದು? ನಿನ್ನಿಂದ ಇಸ್ಕೊಳೋನಿಗೆ ಅದು ಬೇಡ್ವಾ?"

"ಅವನಿಗೆ ಮದುವೆ ಕಾರ್ಡು ಪ್ರಿಂಟಾದ್ರೆ ಸಾಕು ಸಾರ್. ಒಳಗೆ ಯಾಕೆ ಇಣುಕಿ ನೋಡ್ತಾನೆ?"

"ನೋಡ್ದೇ ಇರ್ಬಹುದು. ನೋಡ್ಬೇಕು ಅನ್ನಿಸಿದ ದಿನ ಬಾಗಿಲು ಇರ್ಬೇಕಲ್ಲಪ್ಪ."

ಮಾತು ಬೆಳೆಯಿತು. ಪಾಲಿಟೆಕ್ನಿಕ್ಕಿನ ಮೇಷ್ಟ್ರೊಬ್ಬರು ಇವರ ಪರ, ಕಾರ್ಖಾನೆಯ ಹುಡುಗರು ಪ್ರಭಾಕರನ ಪರ. ಹಗಲೂ ಇರುಳೂ ಕಣ್ಣು ಕೆಂಪಗೆ ಮಾಡಿಕೊಂಡು ದುಡಿದವನು ಅವನು, ಅದರ ಫಲ ಅವನಿಗೇ ಇರಲಿ ಎಂದು ಒಬ್ಬರು. ಅವನ ಕೆಲಸದ ಕೆಳಗೆ ಇವರ ಕೆಲಸವಿದೆಯಲ್ಲ ಎಂದು ಇನ್ನೊಬ್ಬರು. ಬ್ಯಾಂಕಿನವರು ಹಳೆಯದನ್ನು ಮರೆತಿರಲಿಲ್ಲವೇನೋ, "ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅಂತ ಸುಮ್ನೆ ಹೇಳಿದಾರಾ ಸಾರ್?" ಎಂದು ನಗಿಸಿದರು. ನಿಜ ಹೇಳಬೇಕೆಂದರೆ ನನಗೆ ಎರಡೂ ಕಡೆ ಸರಿ ಅನ್ನಿಸುತ್ತಿತ್ತು.

ಇವರು ಕೈ ಎತ್ತಿದರು. "ನಮ್ಮೆದುರುಮನೆ ಅಮ್ಮ ನನಗೆ ಹೆಪ್ಪು ಕೊಡ್ತಾರೆ. ಅದರಿಂದ ಆದ ಮೊಸರು ನಂದು. ಮಜ್ಜಿಗೆ ಮಾಡ್ಲಿ, ಮಾರ್ಕೊಳ್ಲಿ, ಅವರು ಕೇಳಲ್ಲ. ಆದ್ರೆ ನಾಳೆ ಪಕ್ಕದೋರು ಬಂದು ಸ್ವಲ್ಪ ಹೆಪ್ಪು ಅಂದ್ರೆ ನಾನು ಇಲ್ಲ ಅನ್ನಬಾರ್ದು. ನನ್ನ ಷರತ್ತು ಅಷ್ಟೇ. ನ್ಯಾಯಾನೇ, ಅಲ್ವಾ?" ಎಂದು ಕೇಳಿ, ಎಂದಿನಂತೆ ಕಾದರು. ಒಬ್ಬೊಬ್ಬರಾಗಿ ತಲೆಯಾಡಿಸಿದರು. ಹೆಪ್ಪಿಗೆ ಇಲ್ಲ ಎನ್ನುವ ಮನೆಯಲ್ಲಿ ಹುಟ್ಟಿದವರು ಅಲ್ಲಿ ಯಾರೂ ಇರಲಿಲ್ಲ.

ಪ್ರಭಾಕರನೂ ತಲೆಯಾಡಿಸಿದ. ಆಮೇಲೆ ಹೇಳಿದ, "ಹೆಪ್ಪಿನ ಮಾತು ಒಪ್ಪಿದೆ ಸಾರ್. ಆದ್ರೆ ಹೆಪ್ಪು ಕೊಟ್ಟೋರು, ಮೊಸರು ಹೆಂಗಾಯ್ತು ಅಂತ ಪ್ರತಿ ಭಾನುವಾರ ಬಟ್ಟಲು ಹಿಡ್ಕೊಂಡು ಬಂದು ತೋರ್ಸಿ ಅಂತಾರಾ? ಬರ್ದಿದ್ರೆ ಮುಖ ಊದಿಸ್ಕೋತಾರಾ? ನಿಮ್ಮ ಎರಡನೇ ಸಾಲು ಯಾತಕ್ಕೆ ಸಾರ್? ಅದರಿಂದ ಯಾರಿಗೆ ಏನು ಉಪಯೋಗ?"

ಎಲ್ಲರೂ ಗೊಳ್ಳೆಂದು ನಕ್ಕರು. ಪ್ರಭಾಕರನೂ ನಕ್ಕ, ಅವನ ಮಾತಿನಲ್ಲಿ ವಿಷವಿರಲಿಲ್ಲ. ನನಗೆ ನಗಲಾಗಲಿಲ್ಲ. ದಿನಾ ಬಟ್ಟಲು ಹಿಡಿದು ಬರುವವರು ಯಾರು, ಏಕೆ ಬರುತ್ತಾರೆ ಎನ್ನುವುದು ಆ ಕೋಣೆಯಲ್ಲಿ ನನ್ನೊಬ್ಬಳಿಗೇ ಗೊತ್ತಿತ್ತು. ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. "ಯೋಚ್ನೆ ಮಾಡ್ತೀನಿ ಪ್ರಭಾಕರ" ಎಂದರು. ಆ ಮಾತಿನ ಕೊನೆಗೆ ಅಲ್ವಾ ಇರಲಿಲ್ಲ.

ಅವತ್ತು ಮನೆಯ ದಾರಿಯಲ್ಲಿ ನಾನೇ ಮಾತು ತೆಗೆದೆ. "ತೆಗೀಬೇಡಿ ಸಾರ್ ಆ ಸಾಲನ್ನ. ಅದು ಇರೋದ್ರಿಂದ ತಾನೇ ಇವರೆಲ್ಲ ಬರ್ತಿರೋದು?"

"ಅದಕ್ಕೇ ತೆಗೀಬೇಕಮ್ಮಾ" ಎಂದರು. ಹಣ್ಣಿನ ಗಾಡಿಯವನೊಬ್ಬ ಅಡ್ಡ ಬಂದ, ಅವನು ದಾಟುವವರೆಗೆ ನಿಂತೆವು. "ಮೊದಲ್ನೇ ಸಾಲು ಪ್ರೋಗ್ರಾಮಿಗೆ ಬೇಕು, ಅದನ್ನ ಯಾರು ಹೇಳಿದ್ರೂ ಬಿಡಲ್ಲ. ಎರಡನೇದು ನನಗೆ ಬೇಕಾಗಿತ್ತು. ಒಬ್ಬನೇ ಇದೀನಿ, ಬಂದು ಹೋಗಿ ಅಂತ ಕೇಳೋಕೆ ನಾಚಿಕೆ. ಅದನ್ನೇ ಷರತ್ತು ಅಂತ ಇನ್ನೊಬ್ಬರ ತಲೆ ಮೇಲೆ ಹೊರಿಸಿದೆ. ತಪ್ಪು, ಅಲ್ವಾ?" ಅವರು ಕಾದರು. ನನಗೆ ಹೌದು ಎನ್ನಲೂ ಆಗಲಿಲ್ಲ, ಇಲ್ಲ ಎನ್ನಲೂ ಆಗಲಿಲ್ಲ.

ಮುಂದಿನ ಭಾನುವಾರ ಎಲ್ಲರ ಎದುರಿಗೇ ಎರಡನೆಯ ಸಾಲನ್ನು ಅಳಿಸಿದರು. ಅದರ ಕೆಳಗಿದ್ದ ವಿಳಾಸವೂ ಹೋಯಿತು. ಭಾನುವಾರ ತರಬೇಕಿಲ್ಲದ ಮೇಲೆ ವಿಳಾಸ ಯಾಕೆ? ಅಳಿಸಿದ್ದರ ನಕಲನ್ನು ಬಂದವರಿಗೆಲ್ಲ ಕೊಟ್ಟು, "ಹಳೇದನ್ನ ಎಸೀರಿ, ಇನ್ಮೇಲೆ ಇದನ್ನೇ ಕೊಡಿ" ಎಂದರು. ಪ್ರಭಾಕರನಿಗೆ ಮಾತ್ರ, "ಮೊದಲ್ನೇದು ಇರತ್ತೆ ಕಣಪ್ಪ" ಎಂದರು.

ಪ್ರಭಾಕರ ಮೋಸಗಾರನಲ್ಲ. "ಹಂಗಾದ್ರೆ ನಿಮ್ಮದನ್ನ ಮುಟ್ಟಲ್ಲ ಸಾರ್, ನಾನು ಮೊದಲಿಂದ ಬೇರೆ ಬರ್ಕೋತೀನಿ" ಎಂದ. ಹಾಗೆಯೇ ಮಾಡಿದ, ಮುಂದೆ ಅದರಲ್ಲಿ ಹೆಸರನ್ನೂ ಗಳಿಸಿದ. ಅವತ್ತು ಅವನನ್ನು ಕಳಿಸಲು ಇವರು ಕೆಳಗಿಳಿದು ಹೋದರು. ನಾನು ಮೇಲಿನ ಕಿಟಕಿಯಿಂದ ನೋಡುತ್ತಿದ್ದೆ. ಪ್ರಭಾಕರ ಹೊಸ ಸ್ಕೂಟರ್ ತಂದಿದ್ದ. ಇವರು ಬಸ್ ಸ್ಟಾಪಿನ ಕಡೆಗೆ ಎರಡು ಹೆಜ್ಜೆ ಹಾಕಿದವರು ಅದನ್ನು ನೋಡಿ ನಿಂತರು. ಅವನು ಕಿಕ್ ಹೊಡೆದು, ತಲೆ ಬಾಗಿಸಿ ನಮಸ್ಕಾರ ಮಾಡಿ ಹೊರಟ. ಸ್ಕೂಟರು ತಿರುವಿನಲ್ಲಿ ಮರೆಯಾದ ಮೇಲೂ ಇವರು ಗೇಟಿನ ಹತ್ತಿರ ಸುಮಾರು ಹೊತ್ತು ನಿಂತಿದ್ದರು.

ಆಮೇಲೆ ಭಾನುವಾರಗಳು ತೆಳುವಾಗುತ್ತಾ ಬಂದವು. ಯಾರಿಗೂ ಅವರ ಮೇಲೆ ಕೋಪವಿರಲಿಲ್ಲ. ಅದು ಇನ್ನೂ ಕಷ್ಟ, ಕೋಪವಿದ್ದರೆ ಹೋಗಿ ಸಮಾಧಾನ ಮಾಡಬಹುದಿತ್ತು. ಒಬ್ಬೊಬ್ಬರ ಆಫೀಸಿಗೂ ಕಂಪ್ಯೂಟರ್ ಬಂತು, ಒಬ್ಬರ ನಕಲಿನಿಂದ ಇನ್ನೊಬ್ಬರು ನಕಲು ಮಾಡಿಕೊಂಡರು, ತಿದ್ದಿದ್ದನ್ನು ತರಲೇಬೇಕೆಂಬ ಮಾತೂ ಉಳಿದಿರಲಿಲ್ಲ. ಕೊನೆಗೆ ಗಾಜಿನ ಬಾಗಿಲ ಹೊರಗೆ ಉಳಿದದ್ದು ಅವರ ಚಪ್ಪಲಿ ಮತ್ತು ನನ್ನದು. ಅವರು ಆಗಲೂ ಕುರ್ಚಿಗಳನ್ನು ಅರ್ಧಚಂದ್ರದಂತೆ ಹಾಕಿಡುತ್ತಿದ್ದರು. ಮೆಟ್ಟಿಲಲ್ಲಿ ಸದ್ದಾದರೆ ತಿರುಗಿ ನೋಡುತ್ತಿದ್ದರು, ಅದು ಕೆಳಗಿನ ಅಂಗಡಿಯವರದೋ ಕಸ ಗುಡಿಸುವವರದೋ ಆಗಿರುತ್ತಿತ್ತು. ನನಗೆ ಬಾರದವರ ಮೇಲೂ ಸಿಟ್ಟು ಬರುತ್ತಿತ್ತು, ಆ ಸಾಲು ಅಳಿಸಿದ ಇವರ ಮೇಲೂ ಬರುತ್ತಿತ್ತು. ಯಾರು ಹೇಳಿದ್ದರು ಇವರಿಗೆ ಅಷ್ಟು ನ್ಯಾಯವಾಗಿರಲು?

ದಶಕ ಮುಗಿಯುತ್ತಿದ್ದ ಹೊತ್ತಿಗೆ ನಮ್ಮ ಚಿಕ್ಕಪ್ಪನ ಮನೆಯ ಗೃಹಪ್ರವೇಶದ ಕಾರ್ಡು ಅಚ್ಚು ಹಾಕಿಸಲು ನಾನು ಕೆಂಗೇರಿಯ ಒಂದು ಸಣ್ಣ ಪ್ರೆಸ್ಸಿಗೆ ಹೋಗಬೇಕಾಯಿತು. ಮಾಲೀಕರ ಹೆಸರು ನಂಜುಂಡಪ್ಪ. ಅಪ್ಪನ ಕಾಲದಲ್ಲಿ ರಾಗಿ ಬೆಳೆಯುತ್ತಿದ್ದ ಜಾಗದಲ್ಲೇ ಪ್ರೆಸ್ಸು ಹಾಕಿದ್ದರು. ಅಚ್ಚುಮೊಳೆ ಜೋಡಿಸುವ ಪೆಟ್ಟಿಗೆಗಳ ನಡುವೆ, ಟವೆಲ್ ಹೊದಿಸಿದ ಒಂದು ಕಂಪ್ಯೂಟರ್ ಇತ್ತು. "ಕರಡು ಈಗ ಇದರಲ್ಲೇ ತೆಗೆಯೋದು ಮೇಡಮ್" ಎಂದು ಹೆಮ್ಮೆಯಿಂದ ತೆಗೆದು ತೋರಿಸಿದರು. ಕಾಗದ ಹೊರಗೆ ಬಂದ ಕೂಡಲೇ ಅದನ್ನು ಎತ್ತಿ ಬೆಳಕಿಗೆ ಹಿಡಿದೆ. ಆ ಅಕ್ಷರಗಳು ಹುಟ್ಟುವಾಗ ನಾನು ಪಕ್ಕದಲ್ಲೇ ಕೂತಿದ್ದವಳು.

ಮೂಲವನ್ನು ತೆರೆಯಿಸಿ ನೋಡಿದೆ. ಮೊದಲನೆಯ ಸಾಲು ಒಂದಕ್ಷರ ಬದಲಾಗದೆ ಹಾಗೇ ಇತ್ತು. ಅದರ ಕೆಳಗೆ, ವಿಳಾಸವಿದ್ದ ಜಾಗದಲ್ಲಿ, ನಾನು ಕಂಡು ಕೇಳರಿಯದವರ ಹೆಸರುಗಳು. ಹುಬ್ಬಳ್ಳಿಯ ಕುಲಕರ್ಣಿ ಎನ್ನುವವರು ಪುಟವನ್ನು ಎರಡು ಅಂಕಣ ಮಾಡಿದ್ದರು. ಶಿವಮೊಗ್ಗದ ರಹಮತ್ ಬೇರೆ ಪ್ರಿಂಟರಿಗೂ ಹೊಂದುವಂತೆ ಮಾಡಿದ್ದರು. ಮಂಡ್ಯದ ಸುಶೀಲಾ ಎನ್ನುವವರು ಅಂಕಿಗಳನ್ನು ಅಂದಗೊಳಿಸಿದ್ದರು.

"ಇದನ್ನ ಬರೆದೋರು ಯಾರು ಅಂತ ಗೊತ್ತಾ?" ಎಂದು ಕೇಳಿದೆ.

"ಯಾರೋ ಪುಣ್ಯಾತ್ಮರು. ಮಂಡ್ಯದಲ್ಲಿ ನಮ್ಮ ಭಾಮೈದ ಕೊಟ್ಟ, ಅವನಿಗೆ ಇನ್ಯಾರೋ. ಕೇಳಿದೋರಿಗೆ ಮುಚ್ಚಿಡದೆ ಕೊಡ್ಬೇಕಂತೆ, ಅದೊಂದು ಗೊತ್ತು. ಮೊನ್ನೆ ಬಿಡದಿಯೋರಿಗೂ ಕೊಟ್ಟೆ."

"ಅವರು ರಾಜಾಜಿನಗರದಲ್ಲಿದಾರೆ. ನಮ್ಮ ಎದುರುಮನೆ."

"ಹೌದಾ! ಸರಿ ಬಿಡಿ" ಎಂದರು ನಂಜುಂಡಪ್ಪ ಸಂತೋಷವಾಗಿ. ಆಮೇಲೆ, "ಮುಹೂರ್ತದ ಗಂಟೆ ಒಂದ್ಸಲ ನೋಡ್ಬಿಡಿ ಮೇಡಮ್, ಆಮೇಲೆ ತಪ್ಪಾಯ್ತು ಅನ್ನಬೇಡಿ" ಎಂದು ಕರಡನ್ನು ನನ್ನ ಕೈಗಿಟ್ಟರು.

ಮೈಸೂರು ರಸ್ತೆಯ ಉದ್ದಕ್ಕೂ ಬಸ್ಸು ತೆವಳುತ್ತಿದೆ ಅನ್ನಿಸಿತು. ಇಳಿದವಳು ನಮ್ಮ ಮನೆಗೂ ಹೋಗದೆ ಅವರ ಬಾಗಿಲು ತಟ್ಟಿದೆ. ಹೇಳಿದೆ, ಎಲ್ಲವನ್ನೂ ಹೇಳಿದೆ. ಅವರು ಕುರ್ಚಿಯ ಅಂಚಿಗೆ ಬಂದು ಕೂತರು. ಎರಡು ಅಂಕಣವನ್ನು ಹೇಗೆ ಮಾಡಿದ್ದಾರೆ, ಸಾಲು ಎಲ್ಲಿ ಮುರಿಯುತ್ತದೆ, ಅಂಕಿ ಎಷ್ಟು ಎತ್ತರ ಇದೆ ಎಂದು ಒಂದಾದ ಮೇಲೊಂದು ಕೇಳಿದರು. ನನಗೆ ಗೊತ್ತಿದ್ದಷ್ಟು ಹೇಳಿದೆ. "ನನಗೆ ಹೊಳೀಲೇ ಇಲ್ಲ ನೋಡು ಅದು" ಎಂದು ತೊಡೆ ತಟ್ಟಿಕೊಂಡು ನಕ್ಕರು. ಎಷ್ಟೋ ಕಾಲದ ಮೇಲೆ ಅವರ ನಗು ಕೇಳಿ ನನಗೂ ಹಿತವಾಯಿತು. ಇನ್ನು ಹೊರಡುತ್ತೇನೆ ಎಂದು ಎದ್ದೆ.

"ನಾನು ಇಲ್ಲಿರೋದು ಹೇಳಿದ್ಯಾ ಅವರಿಗೆ?" ಎಂದರು.

"ಹೇಳಿದೆ ಸಾರ್."

"ಮನೆ ಎಲ್ಲಿ ಅಂತ ಏನಾದ್ರೂ ಕೇಳಿದ್ರಾ?"

ಒಂದು ಸುಳ್ಳು ಹೇಳಿದ್ದರೆ ಏನೂ ಮುಳುಗಿಹೋಗುತ್ತಿರಲಿಲ್ಲ. ಆದರೆ ಅವರು ನನ್ನ ಮುಖವನ್ನೇ ನೋಡುತ್ತಿದ್ದರು. "ಇಲ್ಲ ಸಾರ್" ಎಂದೆ.

"ಸರಿ, ಸರಿ. ಕೇಳ್ಬೇಕು ಅಂತ ಏನೂ ಇಲ್ವಲ್ಲ" ಎಂದರು. ಮೇಜಿನ ಮೇಲಿದ್ದ ಪೆನ್ನನ್ನು ತೆಗೆದು ಜೇಬಿಗೆ ಸಿಕ್ಕಿಸಿಕೊಂಡರು, ಮತ್ತೆ ತೆಗೆದು ಅಲ್ಲೇ ಇಟ್ಟರು. ಆಮೇಲೆ ಬಾಗಿಲ ಕಡೆ ಹೊರಟಿದ್ದ ನನ್ನನ್ನು ಕರೆದು, "ಆ ಹೆಸರುಗಳನ್ನ ಇನ್ನೊಂದ್ಸಲ ಹೇಳಮ್ಮಾ" ಎಂದರು.

ನಾನು ಮತ್ತೆ ಕೂತುಕೊಂಡೆ.